ಸರ್ವರ್ ಇಲ್ಲ ಅನ್ನುವ ಮುನ್ನ



"ಸರ್ವರ್ ಇಲ್ಲ ಕಣಣ್ಣ, ನಾಳೆ ಬಾ." ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಈ ಮಾತು ಕೇಳದವರು ಕಡಿಮೆ. ಪಹಣಿ ತೆಗೆಸಲು ಹೋದವರು ಕೇಳಿದ್ದಾರೆ. ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸಲು ಹೋದವರು ಕೇಳಿದ್ದಾರೆ. ಶೇಂಗಾ ಬೆಳೆಗೆ ವಿಮೆ ಕಟ್ಟಲು ಜುಲೈ ಕೊನೆಯಲ್ಲಿ ಸಾಲುಗಟ್ಟಿ ನಿಂತವರಂತೂ ಕೇಳಿಯೇ ಇರುತ್ತಾರೆ. ಉಳ್ಳಾರ್ತಿ ಕಾವಲಿನ ಸುತ್ತಲ ಹಳ್ಳಿಯವರಿಗೆ ಈ "ನಾಳೆ ಬಾ" ಅನ್ನುವುದು ಸಣ್ಣ ಮಾತಲ್ಲ. ಒಂದು ದಿನದ ಕೂಲಿ ಹೋಯಿತು. ಬಸ್ಸಿನ ದುಡ್ಡು ಹೋಯಿತು. ಮನೆಯಲ್ಲಿ ಕುರಿ, ದನ ಬೇರೆಯವರ ಕೈಗೆ ಬಿಟ್ಟು ಬಂದದ್ದಾಯಿತು.

ಈ ಮಾತು ಎಷ್ಟೋ ಸಲ ನಿಜವೇ. ಆ ಕಡೆ ಯಂತ್ರ ನಿಂತಿರುತ್ತದೆ. ಸಾವಿರಾರು ಜನ ಒಟ್ಟಿಗೆ ಮುಗಿಬಿದ್ದು ಅದು ಸುಸ್ತಾಗಿರುತ್ತದೆ. ಆದರೆ ಕೆಲವು ಸಲ ಆ ಕಡೆ ಸರ್ವರ್ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಪಕ್ಕದ ಊರಿನಲ್ಲಿ ಅದೇ ಕೆಲಸ ಆಗುತ್ತಿರುತ್ತದೆ. ನಮ್ಮ ಮುಂದಿರುವ ಕಂಪ್ಯೂಟರ್ ಮಾತ್ರ ಹಳೆಯ ವಿಳಾಸ ಹಿಡಿದುಕೊಂಡು ಹೋಗಿ, ಅಲ್ಲಿ ಯಾರೂ ಸಿಗದೆ ಬರಿಗೈಯಲ್ಲಿ ವಾಪಸ್ ಬರುತ್ತಿರುತ್ತದೆ. ಆ ಹಳೆಯ ವಿಳಾಸವನ್ನು ಅಳಿಸಿಹಾಕುವುದು ಅರ್ಧ ನಿಮಿಷದ ಕೆಲಸ. ಇವತ್ತಿನ ನನ್ನ ಮಾತು ಪೂರ್ತಿ ಆ ಅರ್ಧ ನಿಮಿಷದ ಬಗ್ಗೆ.

ಈ ನೆಲದಲ್ಲಿ ಈಗ ಎಂಥೆಂಥ ವಿಜ್ಞಾನ ನಡೆಯುತ್ತಿದೆ ಎಂದು ನಿಮಗೆ ಗೊತ್ತು. ಅಮೃತಮಹಲ್ ದನಗಳು ಮೇಯುತ್ತಿದ್ದ ಉಳ್ಳಾರ್ತಿ ಕಾವಲಿನಲ್ಲಿ ಸುಮಾರು 1,800 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಗಿದೆ. ಕುದಾಪುರದಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಶುರುವಾಯಿತು. 2023ರ ಏಪ್ರಿಲ್ 2ರ ಮುಂಜಾನೆ ಇಸ್ರೊದ ರೆಕ್ಕೆಯುಳ್ಳ ವಾಹನವೊಂದು ಅದೇ ನೆಲೆಯ ಓಡುದಾರಿಗೆ ಬಂದು ಇಳಿಯಿತು. ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಹೆಲಿಕಾಪ್ಟರ್ ಅದನ್ನು ಬಿಟ್ಟಿತ್ತು. ಒಳಗೆ ಚಾಲಕನಿಲ್ಲ. ತಾನೇ ದಾರಿ ಹುಡುಕಿಕೊಂಡು ಬಂದು ಇಳಿಯಿತು. ಹುಲ್ಲುಗಾವಲು ಕಳೆದುಕೊಂಡವರ ನೋವು ದೊಡ್ಡದು, ಅದಕ್ಕೆ ಬೇರೆಯದೇ ಒಂದು ಭಾಷಣ ಬೇಕು. ನಾನು ಇವತ್ತು ಹೇಳುವುದು ಇಷ್ಟೇ. ಇಂಥ ಕೆಲಸ ನಡೆಯುವ ನೆಲದಲ್ಲಿ, ಬೇಲಿಯ ಈಚೆ ಕಡೆಯ ರೈತನೊಬ್ಬ ಹಳೆಯ ವಿಳಾಸದ ದೆಸೆಯಿಂದ ಒಂದು ದಿನದ ಕೂಲಿ ಕಳೆದುಕೊಳ್ಳಬಾರದು.

ಹಾಗಾದರೆ ಈ ವಿಳಾಸ ಅಂದರೆ ಏನು? ಅಲ್ಲಿಂದ ಶುರು ಮಾಡೋಣ.

ನಾವು ಕಂಪ್ಯೂಟರಿನಲ್ಲಿ ಒಂದು ತಾಣದ ಹೆಸರು ಬರೆಯುತ್ತೇವೆ. ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತ ಇಟ್ಟುಕೊಳ್ಳಿ. ಹೆಸರು ನಮಗೆ ಅನುಕೂಲ. ಕಂಪ್ಯೂಟರಿಗೆ ಬೇಕಾದದ್ದು ಅಂಕಿ. ನಾಲ್ಕು ಗುಂಪು ಅಂಕಿ, ನಡುನಡುವೆ ಒಂದೊಂದು ಚುಕ್ಕಿ. ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಈ ಹೆಸರಿಗೆ ಯಾವ ಅಂಕಿ ಎಂದು ಹುಡುಕಿಕೊಡುವ ಏರ್ಪಾಡಿಗೆ ಡಿಎನ್‌ಎಸ್ ಎಂದು ಹೆಸರು.

ಮೊದಮೊದಲು ಇದೆಲ್ಲ ಒಂದೇ ಒಂದು ಪಟ್ಟಿಯಲ್ಲಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬುವರ ತಂಡ ಆ ಪಟ್ಟಿಯನ್ನು ತಿದ್ದಿ ತಿದ್ದಿ ಇಡುತ್ತಿತ್ತು. ಬೇಕಾದವರು ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಾದವು. ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಬೇರೆ ದಾರಿ ತೋರಿಸಿದರು. ಎಲ್ಲವನ್ನೂ ಒಂದೇ ಕಡೆ ಇಡುವುದು ಬೇಡ. ಅವರವರ ಹೆಸರಿನ ಲೆಕ್ಕ ಅವರವರ ಹತ್ತಿರ ಇರಲಿ. ಕೇಳಬೇಕಾದವರು ಮೇಲಿಂದ ಕೆಳಗೆ ಕೇಳಿಕೊಂಡು ಬರಲಿ. ಇವತ್ತಿಗೂ ನಡೆಯುತ್ತಿರುವುದು ಅದೇ ಕ್ರಮ. ಎಲ್ಲಕ್ಕಿಂತ ಮೇಲೆ ಬೇರಿನ ಸರ್ವರುಗಳು. ಅವಕ್ಕೆ 13 ಹೆಸರು, ಆದರೆ ಲೋಕದ ಸಾವಿರಕ್ಕೂ ಹೆಚ್ಚು ಕಡೆ ಅವುಗಳ ಪ್ರತಿರೂಪಗಳಿವೆ. ಅವು ಹೇಳುತ್ತವೆ, ಡಾಟ್ ಇನ್ ಬೇಕಾದರೆ ಅಲ್ಲಿ ಕೇಳು ಎಂದು. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಮ್ಮದೇ ದೇಶದ ನಿಕ್ಸಿ ಎಂಬ ಸಂಸ್ಥೆ. ಅದು ಹೇಳುತ್ತದೆ, ಗವ್ ಡಾಟ್ ಇನ್ ಬೇಕಾದರೆ ಇಲ್ಲಿ ಕೇಳು ಎಂದು. ಹೀಗೆ ಕೇಳುತ್ತ ಕೇಳುತ್ತ ಕೊನೆಗೆ ಅಂಕಿ ಸಿಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹೆಸರು ಕೊಟ್ಟರೆ ಅಂಕಿ ಸಿಗುತ್ತದೆ ಎಂದು ಗೊತ್ತಾಯಿತು. ಇನ್ನು ಅದನ್ನು ನೆನಪಿಟ್ಟುಕೊಳ್ಳುವ ಸಂಗತಿ.

ಪ್ರತಿ ಸಲವೂ ಬೇರಿನಿಂದ ಕೇಳಿಕೊಂಡು ಬರುವುದು ದಂಡ. ಅದಕ್ಕೇ ಕಂಪ್ಯೂಟರ್ ಒಮ್ಮೆ ಸಿಕ್ಕ ಅಂಕಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಯಾರನ್ನೂ ಕೇಳದೆ ನೇರ ಹೋಗುತ್ತದೆ. ತಂತ್ರಜ್ಞರು ಇದನ್ನು ಡಿಎನ್‌ಎಸ್ ಕ್ಯಾಶ್ ಎನ್ನುತ್ತಾರೆ. ನಾನು ವಿಳಾಸದ ಸಂಗ್ರಹ ಎನ್ನುತ್ತೇನೆ. ಇದು ಒಳ್ಳೆಯ ವ್ಯವಸ್ಥೆಯೇ. ಇದಿಲ್ಲದಿದ್ದರೆ ಅಂತರ್ಜಾಲ ಈಗಿನಷ್ಟು ಚುರುಕಾಗಿ ನಡೆಯುತ್ತಲೇ ಇರಲಿಲ್ಲ. ತೊಂದರೆ ಬರುವುದು ಆ ಕಡೆಯವರು ಜಾಗ ಬದಲಿಸಿದಾಗ.

ಕುರಿಮಂದೆಯ ಉದಾಹರಣೆ ಹೇಳುತ್ತೇನೆ, ನಿಮಗೆ ಬೇಗ ತಿಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ಮಂದೆಯವರು ಗೊಬ್ಬರಕ್ಕಾಗಿ ಒಂದೊಂದು ಹೊಲದಲ್ಲಿ ಕುರಿ ತರುಬುತ್ತಾರೆ. ಎರಡು ದಿನ ಈ ಹೊಲ, ಮೂರು ದಿನ ಆ ಹೊಲ. ಮನೆಯಿಂದ ಬುತ್ತಿ ತಂದ ಹುಡುಗ ಊರ ಮುಂದಿನ ಚಹಾ ಅಂಗಡಿಯಲ್ಲಿ ಕೇಳುತ್ತಾನೆ. "ಹಳ್ಳದ ದಂಡೆ ಹೊಲದಾಗೈತೆ" ಅನ್ನುತ್ತಾರೆ. ಹೋಗಿ ನೋಡಿದರೆ ಬರೀ ಹಿಕ್ಕೆ ಬಿದ್ದಿದೆ. ಮಂದೆ ಕಳೆದುಹೋಗಿಲ್ಲ. ಹೇಳಿದವರು ಸುಳ್ಳು ಹೇಳಿಲ್ಲ. ಅವರು ಹೇಳಿದ್ದು ಮೊನ್ನೆಯ ಸುದ್ದಿ. ಕಂಪ್ಯೂಟರಿನ ಸಂಗ್ರಹದಲ್ಲಿ ಆಗುವುದು ಸರಿಯಾಗಿ ಇದೇ.

ಹೀಗಾಗಬಾರದೆಂದು ಪ್ರತಿ ವಿಳಾಸದ ಜೊತೆಗೆ ಒಂದು ಅವಧಿಯನ್ನೂ ಕಟ್ಟಿ ಕಳಿಸುತ್ತಾರೆ. ಇಷ್ಟು ಸೆಕೆಂಡು ಇದನ್ನು ನಂಬು, ಆಮೇಲೆ ಮತ್ತೆ ಕೇಳು ಎಂದು. ಅದಕ್ಕೆ ಟಿಟಿಎಲ್ ಎನ್ನುತ್ತಾರೆ. ಕೆಲವರು 5 ನಿಮಿಷ ಇಡುತ್ತಾರೆ. ಕೆಲವರು ಒಂದು ಗಂಟೆ. ಕೆಲವರು ಇಡೀ ಒಂದು ದಿನ, ಅಂದರೆ ಸುಮಾರು 86 ಸಾವಿರ ಸೆಕೆಂಡು. ಬೆಳಿಗ್ಗೆ ಹತ್ತಕ್ಕೆ ನಮ್ಮ ಕಂಪ್ಯೂಟರ್ ಒಂದು ದಿನದ ಅವಧಿಯ ವಿಳಾಸ ತಂದುಕೊಂಡಿತು ಅನ್ನಿ. ಹನ್ನೊಂದಕ್ಕೆ ಆ ತಾಣ ಬೇರೆ ಯಂತ್ರಕ್ಕೆ ಹೋಯಿತು. ಹಳೆಯ ಯಂತ್ರ ನಿಂತಿತು. ನಮ್ಮ ಕಂಪ್ಯೂಟರ್ ಮರುದಿನ ಬೆಳಿಗ್ಗೆ ಹತ್ತರ ತನಕ ಹಳೆಯ ಕಡೆಗೇ ಹೋಗುತ್ತಿರುತ್ತದೆ. ಅಷ್ಟರಲ್ಲಿ ಎಷ್ಟು ಜನರಿಗೆ "ನಾಳೆ ಬಾ" ಎಂದು ಹೇಳಿ ಕಳಿಸಿರುತ್ತಾರೋ.

ಇನ್ನೊಂದು ವಿಶೇಷವಿದೆ. ಕಂಪ್ಯೂಟರ್ "ಇಲ್ಲ" ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. 2023ರ ಜೂನ್ ತಿಂಗಳು ನೆನಪು ಮಾಡಿಕೊಳ್ಳಿ. ಗೃಹಜ್ಯೋತಿ ಅರ್ಜಿ ಶುರುವಾದಾಗ ಸೇವಾಸಿಂಧು ಎಂಬ ಹೆಸರಿನ ಕೊನೆಗೆ ಜಿ, ಎಸ್ ಎಂಬ ಎರಡು ಅಕ್ಷರ ಸೇರಿಸಿದ ಹೊಸ ತಾಣ ಬಂತು. ಇಂಥ ಹೊಸ ಹೆಸರನ್ನು ಅದು ಚಾಲ್ತಿಗೆ ಬರುವ ಮೊದಲೇ ಆತುರದಿಂದ ಬರೆದು ನೋಡಿದರೆ, "ಆ ಹೆಸರಿನವರು ಯಾರೂ ಇಲ್ಲ" ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕೂ ಒಂದು ಅವಧಿ ಇರುತ್ತದೆ. ತಾಣ ಶುರುವಾದ ಮೇಲೂ ಆತುರಪಟ್ಟವರಿಗೆ ಸ್ವಲ್ಪ ಹೊತ್ತು "ಇಲ್ಲ" ಎಂದೇ ಕಾಣುತ್ತದೆ. ಸುಮ್ಮನಿದ್ದು ಆಮೇಲೆ ಬರೆದವರಿಗೆ ತೆರೆಯುತ್ತದೆ. ಇದು ನೋಡುವವರಿಗೆ ವಿಚಿತ್ರ ಎನಿಸುತ್ತದೆ, ಕಾರಣ ಮಾತ್ರ ಇಷ್ಟೇ.

ಹಾಗಾದರೆ ಇಲ್ಲಿಯ ತನಕ ಆದದ್ದು ಇದು. ಹೆಸರಿಗೆ ಅಂಕಿ. ಅಂಕಿಗೆ ಸಂಗ್ರಹ. ಸಂಗ್ರಹಕ್ಕೆ ಅವಧಿ. ಅವಧಿ ಮುಗಿಯುವ ಮೊದಲೇ ಜಾಗ ಬದಲಾದರೆ ತೊಂದರೆ. ಈಗ ಬಹಳ ಮುಖ್ಯವಾದ ಪ್ರಶ್ನೆ. ನಮ್ಮ ಮುಂದೆ ಇರುವುದು ಇದೇ ತೊಂದರೆಯೋ, ನಿಜವಾಗಿ ಸರ್ವರ್ ಹೋಗಿದೆಯೋ, ಹೇಗೆ ತಿಳಿಯುವುದು?

ಗ್ರಾಮ ಒನ್ ಕೇಂದ್ರ ನಡೆಸುವವರೇ, ಪಂಚಾಯಿತಿಯ ಕಂಪ್ಯೂಟರ್ ಮುಂದೆ ಕೂರುವವರೇ, ಈ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮೊದಲು ಅದೇ ಕಂಪ್ಯೂಟರಿನಲ್ಲಿ ಬೇರೆ ಒಂದೆರಡು ತಾಣ ತೆರೆದು ನೋಡಿ. ಒಂದೂ ತೆರೆಯದಿದ್ದರೆ ನೆಟ್ಟೇ ಇಲ್ಲ. ಬೇರೆ ತೆರೆದು ಇದೊಂದು ಮಾತ್ರ ತೆರೆಯದಿದ್ದರೆ, ನಿಮ್ಮ ಮೊಬೈಲಿನಲ್ಲಿ ಅದೇ ತಾಣ ತೆರೆದು ನೋಡಿ. ಆದರೆ ಮೊಬೈಲಿನಲ್ಲಿ ಕೇಂದ್ರದ ವೈಫೈ ಆಫ್ ಮಾಡಿರಬೇಕು. ಸಿಮ್ಮಿನ ಡೇಟಾದಿಂದಲೇ ನೋಡಬೇಕು. ಅಲ್ಲೂ ತೆರೆಯಲಿಲ್ಲ, ಸಾಲಿನಲ್ಲಿ ನಿಂತವರ ಬೇರೆ ಕಂಪನಿಯ ಸಿಮ್ಮಿನಲ್ಲೂ ತೆರೆಯಲಿಲ್ಲ ಎಂದರೆ ಸರ್ವರ್ ಇಲ್ಲ ಎಂಬುದು ನಿಜ. ಮೊಬೈಲಿನಲ್ಲಿ ತೆರೆದು, ಕಂಪ್ಯೂಟರಿನಲ್ಲಿ ಮಾತ್ರ ತೆರೆಯದಿದ್ದರೆ, ಅನುಮಾನ ನಿಮ್ಮ ಕಂಪ್ಯೂಟರಿನ ಮೇಲೆ ಬರಬೇಕು. ಆಗ ಸಂಗ್ರಹ ಅಳಿಸಿ.

ಅಳಿಸುವುದು ಹೇಗೆ ಎಂದು ಹೇಳುತ್ತೇನೆ. ಕಾಗದ, ಪೆನ್ನು ಇದ್ದರೆ ಬರೆದುಕೊಳ್ಳಿ. ವಿಂಡೋಸ್ ಕಂಪ್ಯೂಟರಿನ ಮಾತು ಮೊದಲು. ನಮ್ಮ ಕಡೆ ಹೆಚ್ಚಾಗಿ ಇರುವುದು ಅದೇ.

ಕೀಲಿಮಣೆಯ ಕೆಳಸಾಲಿನ ಎಡಗಡೆ ನಾಲ್ಕು ಚೌಕದ ಕಿಟಕಿಯ ಗುರುತಿರುವ ಒಂದು ಕೀಲಿ ಇದೆ. ಅದನ್ನು ಒತ್ತಿ ಹಿಡಿದು ಆರ್ ಅಕ್ಷರ ಒತ್ತಿ. ಎಡಗಡೆ ಮೂಲೆಯಲ್ಲಿ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಸಿ, ಎಂ, ಡಿ ಎಂದು ಮೂರು ಅಕ್ಷರ ಬರೆದು ಎಂಟರ್ ಒತ್ತಿ. ಕಪ್ಪು ಬಣ್ಣದ ಒಂದು ಕಿಟಕಿ ತೆರೆಯುತ್ತದೆ. ಬಿಳಿಯ ಸಣ್ಣ ಗೆರೆಯೊಂದು ಮಿಣುಕುತ್ತಿರುತ್ತದೆ. ಅಲ್ಲಿ ಈ ಅಕ್ಷರಗಳನ್ನು ಬರೆಯಿರಿ. ಐ, ಪಿ, ಸಿ, ಓ, ಎನ್, ಎಫ್, ಐ, ಜಿ. ಆಮೇಲೆ ಒಂದು ಖಾಲಿ ಜಾಗ. ಆಮೇಲೆ ಓರೆಗೆರೆ. ಅದು ಪ್ರಶ್ನೆ ಗುರುತು ಇರುವ ಕೀಲಿಯಲ್ಲೇ ಇದೆ. ಓರೆಗೆರೆ ಆದ ಮೇಲೆ ಖಾಲಿ ಜಾಗ ಬಿಡದೆ, ಎಫ್, ಎಲ್, ಯು, ಎಸ್, ಎಚ್, ಡಿ, ಎನ್, ಎಸ್. ಒಟ್ಟಿಗೆ ಓದಿದರೆ ಐಪಿಕಾನ್ಫಿಗ್, ಓರೆಗೆರೆ, ಫ್ಲಶ್ ಡಿಎನ್‌ಎಸ್. ಇನ್ನೊಮ್ಮೆ ಹೇಳುತ್ತೇನೆ. ಐಪಿಕಾನ್ಫಿಗ್, ಖಾಲಿ ಜಾಗ, ಓರೆಗೆರೆ, ಫ್ಲಶ್ ಡಿಎನ್‌ಎಸ್. ಎಂಟರ್ ಒತ್ತಿ. ಸಂಗ್ರಹ ಅಳಿಸಿದ್ದಾಯಿತು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಅಧಿಕಾರ ಸಾಲದು ಎಂದು ಬಂದರೆ, ಅದೇ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮತ್ತೆ ಬರೆಯಿರಿ.

ಬ್ರೌಸರ್ ಕೂಡ ತನ್ನದೇ ಒಂದು ಸಣ್ಣ ಸಂಗ್ರಹ ಇಟ್ಟುಕೊಂಡಿರುತ್ತದೆ. ಅದನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಒಂದೆರಡು ಹಾಳೆ ಮುಚ್ಚಿದರೆ ಸಾಲದು, ಎಲ್ಲ ಕಿಟಕಿಯನ್ನೂ ಮುಚ್ಚಬೇಕು. ಮೊಬೈಲಿನಲ್ಲಿ ಇದಕ್ಕೆ ಬೇರೆ ಗುಂಡಿ ಇಲ್ಲ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಅದಕ್ಕೂ ಬಗ್ಗದಿದ್ದರೆ ಫೋನ್ ಆರಿಸಿ ಹಚ್ಚಿ. ಲಿನಕ್ಸ್, ಮ್ಯಾಕ್ ಬಳಸುವವರಿಗೆ ಅವರವರ ಆಜ್ಞೆಗಳು ಬೇರೆ ಇವೆ. ಅವರು ಅದನ್ನು ಬಲ್ಲವರೇ ಆಗಿರುತ್ತಾರೆ.

ಈ ಕೆಲಸಕ್ಕೆ ಹೆದರುವವರಿದ್ದಾರೆ. ಕಪ್ಪು ಕಿಟಕಿ ನೋಡಿದರೆ ಏನೋ ಹಾಳಾದೀತು ಎಂಬ ಅಳುಕು. ಆ ಅಳುಕು ಬೇಡ. ನಿಮ್ಮ ಕಡತ ಹೋಗುವುದಿಲ್ಲ. ಫೋಟೋ ಹೋಗುವುದಿಲ್ಲ. ಪಾಸ್‌ವರ್ಡ್ ಹೋಗುವುದಿಲ್ಲ. ಬೆರಳಚ್ಚು ಯಂತ್ರದ ಜೋಡಣೆ ಕದಲುವುದಿಲ್ಲ. ಪ್ರಿಂಟರ್ ಹಾಗೇ ಇರುತ್ತದೆ. ಹೋಗುವುದು ಹೆಸರಿನ ಮುಂದೆ ಬರೆದಿಟ್ಟ ಅಂಕಿ ಮಾತ್ರ. ಅದನ್ನು ಕಂಪ್ಯೂಟರ್ ಮತ್ತೆ ಕೇಳಿ ಹೊಸದಾಗಿ ತಂದುಕೊಳ್ಳುತ್ತದೆ. ಎಷ್ಟೋ ಕಡೆ ಏನಾದರೂ ತೊಡಕಾದ ಕೂಡಲೇ ಬ್ರೌಸರಿನ ಇತಿಹಾಸ, ಕುಕ್ಕಿ ಎಲ್ಲ ಅಳಿಸಿಬಿಡುತ್ತಾರೆ. ಆಗ ಲಾಗಿನ್ ಹೋಗುತ್ತದೆ, ಒಟಿಪಿಗೆ ಮತ್ತೆ ಕಾಯಬೇಕು. ವಿಳಾಸದ ಸಂಗ್ರಹ ಅಳಿಸುವುದು ಅದಕ್ಕಿಂತ ಬಹಳ ಹಗುರವಾದ ಕೆಲಸ. ಮೊದಲು ಇದನ್ನು ಮಾಡಿ ನೋಡಬೇಕು.

ಇಲ್ಲೇ ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ, ಕಾಲೇಜು ಶಿಕ್ಷಕರಿಗೆ ವಿಜ್ಞಾನ, ಗಣಿತದ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗಿ ಬಂದವರು ನಿಮ್ಮಲ್ಲಿ ಇರಬಹುದು. ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸಲು ಒಂದು ಉಪಾಯವಿದೆ. ಅದೇ ಕಪ್ಪು ಕಿಟಕಿಯಲ್ಲಿ ಫ್ಲಶ್ ಎಂಬ ಕಡೆ ಡಿಸ್‌ಪ್ಲೇ ಎಂದು ಬರೆಸಿ. ಕಂಪ್ಯೂಟರ್ ಇಟ್ಟುಕೊಂಡಿರುವ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಒಂದೊಂದು ಹೆಸರಿನ ಕೆಳಗೂ ಅಂಕಿವಿಳಾಸ, ಉಳಿದಿರುವ ಸೆಕೆಂಡು. ಸ್ವಲ್ಪ ತಡೆದು ಇನ್ನೊಮ್ಮೆ ಬರೆಸಿ. ಸೆಕೆಂಡು ಕಡಿಮೆ ಆಗಿರುತ್ತದೆ. 280 ಇದ್ದದ್ದು 250. ಆಮೇಲೆ 220. ಸೊನ್ನೆಯಾದ ಹೆಸರು ಪಟ್ಟಿಯಿಂದಲೇ ಹೋಗಿರುತ್ತದೆ. ಟಿಟಿಎಲ್ ಎಂದು ಹಲಗೆಯ ಮೇಲೆ ಎಷ್ಟು ಬರೆದರೂ ತಿಳಿಯದ್ದು ಮಕ್ಕಳಿಗೆ ಇದರಿಂದ ತಿಳಿಯುತ್ತದೆ. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಎಂಬ ಹೆಸರಿನ ತಾಣಗಳೂ ಈಗ ಇವೆ. ಅವು ಒಳಗೆ ಎಕ್ಸ್, ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳಾಗಿ ಬದಲಾಗಿ ಹೋಗುತ್ತವೆ. ಅದನ್ನೂ ಮಕ್ಕಳಿಗೆ ಹೇಳಿ.

ನಾವು ಈಗ ಕಂಪ್ಯೂಟರಿನ ಸಂಗ್ರಹ ಅಳಿಸಿದೆವು, ಬ್ರೌಸರ್ ಮುಚ್ಚಿ ತೆರೆದೆವು. ಆದರೂ ತಾಣ ತೆರೆಯಲಿಲ್ಲ ಅನ್ನಿ. ಏನು ಕಾರಣ?

ಸಂಗ್ರಹ ಇರುವುದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಅಲ್ಲ. ಗೋಡೆಗೆ ಹೊಡೆದಿರುವ ರೂಟರಿನಲ್ಲೂ ಇರಬಹುದು. ಅದರ ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಅದಕ್ಕಿಂತ ಮೇಲೆ ನಮಗೆ ನೆಟ್ ಕೊಡುವ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ಸಾವಿರಾರು ಮನೆಗಳ ಪರವಾಗಿ ಅದೇ ಕೇಳಿ ಇಟ್ಟುಕೊಂಡಿರುತ್ತದೆ. ಅಲ್ಲಿಯ ಹಳೆಯ ವಿಳಾಸ ನಮ್ಮ ಕೈಗೆ ಸಿಗುವುದಿಲ್ಲ. ನಾವು ನಮ್ಮದನ್ನು ಅಳಿಸಿ ಮತ್ತೆ ಕೇಳಿದರೆ ಅದು ತನ್ನಲ್ಲಿರುವ ಹಳೆಯದನ್ನೇ ಕೊಡುತ್ತದೆ. ಅದರ ಅವಧಿ ಮುಗಿಯುವ ತನಕ ಕಾಯಬೇಕು, ಇಲ್ಲವೇ ಬೇರೆ ಕಡೆ ಕೇಳಬೇಕು. ಗೂಗಲ್‌ನವರು 2009ರಿಂದ, ಕ್ಲೌಡ್‌ಫ್ಲೇರ್‌ನವರು 2018ರಿಂದ ಯಾರು ಬೇಕಾದರೂ ಕೇಳಬಹುದಾದ ಇಂಥ ಸರ್ವರುಗಳನ್ನು ನಡೆಸುತ್ತಿದ್ದಾರೆ. ಮನೆಯ ಕಂಪ್ಯೂಟರಿನಲ್ಲಿ ಬೇಕಾದರೆ ಅದನ್ನು ಹಾಕಿಕೊಳ್ಳಿ. ಸರ್ಕಾರಿ ಕಚೇರಿಯ ಜಾಲದಲ್ಲಿ ಮಾತ್ರ ಯಾರನ್ನೂ ಕೇಳದೆ ಈ ಬದಲಾವಣೆ ಮಾಡಬೇಡಿ.

ಅಳಿಸುವುದರಿಂದ ಸರಿಹೋಗದ ಸಂಗತಿಗಳೂ ಇವೆ. ಹೆಸರೇ ಬದಲಾಗಿದ್ದರೆ ಸರಿಹೋಗದು. ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ತೆಗೆದುಕೊಳ್ಳಿ. ದೇಶದಲ್ಲಿ ಅಂತರ್ಜಾಲಕ್ಕೆ ಬುನಾದಿ ಹಾಕಿದ ಅರ್ನೆಟ್ ಯೋಜನೆ 1986ರಲ್ಲಿ ಶುರುವಾದಾಗ ಜೊತೆಗಿದ್ದ ಎಂಟು ಸಂಸ್ಥೆಗಳಲ್ಲಿ ಅದೂ ಒಂದು. ಅದರ ತಾಣದ ಹೆಸರಿನಲ್ಲಿ ಬಹಳ ವರ್ಷ ಅರ್ನೆಟ್ ಎಂಬುದೂ ಸೇರಿತ್ತು. ಈಗ ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್ ಎಂದಾಗಿದೆ. ಹಳೆಯ ಹೆಸರನ್ನೇ ಬರೆದಿಟ್ಟುಕೊಂಡವರು ಸಂಗ್ರಹ ಎಷ್ಟು ಸಲ ಅಳಿಸಿದರೂ ಪ್ರಯೋಜನವಿಲ್ಲ. ಹೊಸ ಹೆಸರು ಬರೆದಿಟ್ಟುಕೊಳ್ಳಬೇಕು. ಕೇಂದ್ರದ ಕಂಪ್ಯೂಟರಿನಲ್ಲಿ ಯಾವಾಗಲೋ ಉಳಿಸಿಟ್ಟ ಬುಕ್‌ಮಾರ್ಕುಗಳನ್ನು ವರ್ಷಕ್ಕೊಮ್ಮೆಯಾದರೂ ನೋಡಿ ತಿದ್ದಿ.

ಕಂಪ್ಯೂಟರಿನ ದಿನಾಂಕ ತಪ್ಪಾಗಿದ್ದರೂ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಹಳೆಯ ಕಂಪ್ಯೂಟರಿನ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಕೆಳಗೆ ಬಲಮೂಲೆಯ ಗಡಿಯಾರ ನೋಡಿ.

ಆ ಕಡೆ ವಿಳಾಸ ಹೇಳುವವರೇ ಕಾಣೆಯಾದರೂ ನಾವು ಏನೂ ಮಾಡುವಂತಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ, ಒಂಬತ್ತು ಗಂಟೆ ದಾಟಿದ ಮೇಲೆ, ವಾಟ್ಸಾಪ್ ನಿಂತದ್ದು ನಿಮಗೆ ನೆನಪಿರಬಹುದು. ಫೇಸ್‌ಬುಕ್ ಕಂಪನಿಯವರ ದುರಸ್ತಿ ಕೆಲಸದಲ್ಲಿ ಆದ ತಪ್ಪಿನಿಂದ ಅವರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಮುಚ್ಚಿಹೋಯಿತು. ಸುಮಾರು ಆರು ಗಂಟೆ ಲೋಕಕ್ಕೆಲ್ಲ ಅದೇ ಪಾಡು. ಅಂಥ ಹೊತ್ತಿನಲ್ಲಿ ಅಳಿಸುವುದರಿಂದ ಏನೂ ಆಗದು.

ಹಳೆಯ ವಿಳಾಸದ ಮಾತು ಆಯಿತು. ಕಳ್ಳ ವಿಳಾಸದ ಮಾತನ್ನೂ ಆಡಿಬಿಡುತ್ತೇನೆ. ಹಣದ ವಿಷಯ ಆದ್ದರಿಂದ ಇದನ್ನು ಬಿಡುವಂತಿಲ್ಲ. ಸಂಗ್ರಹದೊಳಗೆ ಸುಳ್ಳು ಅಂಕಿ ತುರುಕಿದರೆ, ಬ್ಯಾಂಕಿನ ಹೆಸರು ಬರೆದವರು ಕಳ್ಳರ ಯಂತ್ರಕ್ಕೆ ಹೋಗುತ್ತಾರೆ. ಹೀಗೆ ತುರುಕುವುದು ಎಷ್ಟು ಸುಲಭ ಎಂದು 2008ರಲ್ಲಿ ಡ್ಯಾನ್ ಕಮಿನ್‌ಸ್ಕಿ ಎಂಬ ತಜ್ಞ ಕಂಡುಕೊಂಡರು. ಅವರು ಅದನ್ನು ಮೊದಲು ಜಗಜ್ಜಾಹೀರು ಮಾಡಲಿಲ್ಲ. ಡಿಎನ್‌ಎಸ್ ತಂತ್ರಾಂಶ ಬರೆಯುವವರಿಗೆಲ್ಲ ಗುಟ್ಟಾಗಿ ತಿಳಿಸಿ, ಎಲ್ಲರೂ ಒಟ್ಟಿಗೆ ತೇಪೆ ಹಾಕುವಂತೆ ಮಾಡಿದರು. ದೊಡ್ಡ ಮನುಷ್ಯ ಅವರು. ಆದರೆ ಕಂಪ್ಯೂಟರಿಗೆ ವೈರಸ್ ಹೊಕ್ಕು, ಯಾರನ್ನು ಕೇಳಬೇಕು ಎಂಬುದನ್ನೇ ಬದಲಿಸಿಬಿಡುವುದೂ ಉಂಟು. ಡಿಎನ್‌ಎಸ್ ಚೇಂಜರ್ ಎಂಬ ಒಂದು ವೈರಸ್ ಲೋಕದ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ಹೊಕ್ಕಿತ್ತು. ಕಳ್ಳರನ್ನು ಹಿಡಿದ ಮೇಲೂ, ಜನರ ನೆಟ್ ಒಮ್ಮೆಲೇ ನಿಂತುಹೋಗಬಾರದೆಂದು ಅವರ ಸರ್ವರುಗಳ ಜಾಗದಲ್ಲಿ ಸರಿಯಾದ ಸರ್ವರುಗಳನ್ನು ಇಟ್ಟು ತಿಂಗಳುಗಟ್ಟಲೆ ನಡೆಸಿದರು. 2012ರ ಜುಲೈ 9ರಂದು ಅವನ್ನು ನಿಲ್ಲಿಸಿದರು. ಸಂಗ್ರಹ ಅಳಿಸಿದ ಮೇಲೂ ಬ್ಯಾಂಕಿನ ಪುಟ ಬೇರೆ ಥರ ಕಂಡರೆ, ಬ್ರೌಸರ್ ಎಚ್ಚರಿಕೆ ಕೊಟ್ಟರೆ, ಅಲ್ಲಿ ಪಾಸ್‌ವರ್ಡ್ ಒತ್ತಬೇಡಿ. ಕಂಪ್ಯೂಟರನ್ನು ಬಲ್ಲವರಿಗೆ ತೋರಿಸಿ.

ನಮ್ಮ ಕಡೆಯಿಂದ ಮಾಡಬಹುದಾದದ್ದನ್ನೆಲ್ಲ ಹೇಳಿದ್ದಾಯಿತು. ಆದರೆ ಹೊಣೆಯನ್ನೆಲ್ಲ ಹಳ್ಳಿಯ ಕೇಂದ್ರದ ಹುಡುಗನ ಮೇಲೆ, ಸಾಲಿನಲ್ಲಿ ನಿಂತ ರೈತನ ಮೇಲೆ ಹಾಕಿ ಮಾತು ಮುಗಿಸಲು ನನಗೆ ಮನಸ್ಸಿಲ್ಲ. ಜಾಗ ಬದಲಿಸುವವರ ಹೊಣೆ ಇದಕ್ಕಿಂತ ದೊಡ್ಡದು.

ಒಂದು ತಾಣವನ್ನು ಹೊಸ ಯಂತ್ರಕ್ಕೆ ಸಾಗಿಸುವಾಗ ಯಾರಿಗೂ ತೊಂದರೆಯಾಗದಂತೆ ಸಾಗಿಸಬಹುದು. ದಾರಿ ಎಲ್ಲ ತಂತ್ರಜ್ಞರಿಗೂ ಗೊತ್ತು. ಟಿಟಿಎಲ್ ಒಂದು ದಿನ ಇದ್ದರೆ, ಸಾಗಿಸುವ ಎರಡು ದಿನ ಮೊದಲೇ ಅದನ್ನು 5 ನಿಮಿಷಕ್ಕೆ ಇಳಿಸಬೇಕು. ಎಲ್ಲೆಡೆ ಉಳಿದಿರುವ ಒಂದು ದಿನದ ಸಂಗ್ರಹಗಳು ಅಷ್ಟರಲ್ಲಿ ತಾವಾಗಿಯೇ ಮುಗಿದಿರುತ್ತವೆ. ಆಮೇಲೆ ಸಾಗಿಸಬೇಕು. ಹಳೆಯ ಯಂತ್ರವನ್ನು ಕೂಡಲೇ ಆರಿಸದೆ ಇನ್ನೆರಡು ದಿನ ನಡೆಸಬೇಕು. ಹಳೆಯ ವಿಳಾಸಕ್ಕೆ ಬಂದವರನ್ನು ಅದು ಹೊಸ ಕಡೆಗೆ ಕಳಿಸುತ್ತಿರಬೇಕು. ಎಲ್ಲ ಸರಿಯಾದ ಮೇಲೆ ಟಿಟಿಎಲ್ ಮತ್ತೆ ಏರಿಸಬಹುದು. ಇದಕ್ಕೆ ಖರ್ಚು ಹೆಚ್ಚಿಲ್ಲ. ಬೇಕಾದದ್ದು ಎರಡು ದಿನದ ಮುಂದಾಲೋಚನೆ. ರಾಜಧಾನಿಯಲ್ಲಿ ಕುಳಿತವರಿಗೆ ಒಂದು ದಿನದ ಟಿಟಿಎಲ್ ಒಂದು ಸಂಖ್ಯೆ. ಚಳ್ಳಕೆರೆಗೆ ಬಸ್ಸು ಹತ್ತಿ ಬಂದ ಹೆಂಗಸಿಗೆ ಅದು ಇನ್ನೊಂದು ದಿನದ ಕೂಲಿ. ಆ ಹೆಂಗಸು ಕಣ್ಣಮುಂದೆ ಇದ್ದರೆ ಯಾವ ಎಂಜಿನಿಯರೂ ಟಿಟಿಎಲ್ ಇಳಿಸದೆ ಸಾಗಿಸುವುದಿಲ್ಲ ಎಂದು ನಾನು ನಂಬಿದ್ದೇನೆ.

ಹಾಗಾಗಿ ಎರಡು ವಿನಂತಿ. ಕೇಂದ್ರ ನಡೆಸುವವರಲ್ಲಿ ಮೊದಲನೆಯದು. ಐಪಿಕಾನ್ಫಿಗ್ ಎಂಬ ಆ ಒಂದು ಸಾಲನ್ನು ಕಾಗದದಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿ. ಮೊಬೈಲಿನಲ್ಲಿ ಒಮ್ಮೆ ನೋಡಿ, ಸಂಗ್ರಹ ಒಮ್ಮೆ ಅಳಿಸಿ, ಅದಾದ ಮೇಲೂ ಆಗದಿದ್ದರೆ ಮಾತ್ರ ಬಂದವರಿಗೆ ಸರ್ವರ್ ಇಲ್ಲ ಎಂದು ಹೇಳಿ. ಎರಡನೆಯದು ಸರ್ಕಾರದ ತಾಣಗಳನ್ನು ನೋಡಿಕೊಳ್ಳುವ ಅಧಿಕಾರಿಗಳಲ್ಲಿ, ಎಂಜಿನಿಯರುಗಳಲ್ಲಿ. ಬೆಳೆ ವಿಮೆಯ ಕೊನೆಯ ವಾರ, ಪರೀಕ್ಷೆಯ ಫಲಿತಾಂಶದ ವಾರ, ಅರ್ಜಿಯ ಕೊನೆಯ ದಿನದ ಹಿಂದುಮುಂದು ಯಾವ ತಾಣದ ಜಾಗವನ್ನೂ ಬದಲಿಸಬೇಡಿ. ಬದಲಿಸಲೇಬೇಕಾದರೆ ಟಿಟಿಎಲ್ ಇಳಿಸಿ, ಎರಡು ದಿನ ತಡೆದು, ಆಮೇಲೆ ಬದಲಿಸಿ. ತಾಲ್ಲೂಕು ಕಚೇರಿಗಳಿಗೂ ಗ್ರಾಮ ಒನ್ ಕೇಂದ್ರಗಳಿಗೂ ಹಿಂದಿನ ದಿನವೇ ಒಂದು ಸಾಲಿನ ಸಂದೇಶ ಕಳಿಸಿ.